ಹತ್ತನೆಯ ಕಾರಿಗೂ ಹೊಟ್ಟೆಯಿದೆ

ಭಾನುವಾರದ ಕಾರ್ ರೇಸ್ ನಡೆಸುವ ಕಾರ್ಯದರ್ಶಿಗಳಾದ ಮಾನ್ಯರೇ,

ನಿಮ್ಮ ಬಹುಮಾನದ ಹಣವೆಲ್ಲ ಒಬ್ಬನ ಜೇಬಿಗೇ ಹೋಗುತ್ತಿದೆ, ಆ ಜೇಬು ನನ್ನದಲ್ಲ ಎಂಬುದೇ ನನ್ನ ದೂರು. ಹೊಟ್ಟೆಕಿಚ್ಚು ಎನ್ನುತ್ತೀರಾ? ಧಾರಾಳವಾಗಿ ಅನ್ನಿ. ಹೊಟ್ಟೆಕಿಚ್ಚೇ. ಗೆಲ್ಲುವವನು ನನ್ನ ಷಡ್ಡಕ. ಅವನ ಹೆಂಡತಿ ನನ್ನ ಹೆಂಡತಿಯ ಅಕ್ಕ. ಅವನು ಗೆದ್ದ ಸುದ್ದಿ ನನಗಿಂತ ಮೊದಲೇ ನಮ್ಮ ಅಡುಗೆಮನೆ ತಲುಪಿ ಕೂತಿರುತ್ತದೆ.

ಮೊದಲು ಬಂದವನಿಗೆ ಮುಕ್ಕಾಲು ಪಾಲು, ಎರಡು ಮೂರನೆಯವರಿಗೆ ಉಳಿದದ್ದು, ಮಿಕ್ಕ ನಮಗೆ ನಿಮ್ಮ ಮೈಕಿನಲ್ಲಿ ಒಂದು ಧನ್ಯವಾದ. ಗೆದ್ದ ಹಣದಲ್ಲಿ ಷಡ್ಡಕ ಹೊಸ ಟೈರು ಹಾಕಿಸುತ್ತಾನೆ, ಹೊಸ ಟೈರಿನ ದೆಸೆಯಿಂದ ಮತ್ತೆ ಗೆಲ್ಲುತ್ತಾನೆ. ಅವನು ಬಿಚ್ಚಿಟ್ಟ ಟೈರು, ಅಣ್ಣನ ಹಳೆ ಅಂಗಿ ತಮ್ಮನಿಗೆ ಬರುವ ಹಾಗೆ, ನನ್ನ ಕಾರಿಗೆ ಬರುತ್ತದೆ. ವಾರವೆಲ್ಲ ಗ್ಯಾರೇಜಿನಲ್ಲಿ ಬೇರೆಯವರ ಕಾರಿನ ತಗ್ಗು ತಟ್ಟಿ ನೆಟ್ಟಗೆ ಮಾಡುವ ನಾನು, ಭಾನುವಾರ ಆ ಸವೆದ ಟೈರಿನಲ್ಲಿ ಜಾರಿ ನಿಮ್ಮ ಗೋಡೆಗೆ ಗುದ್ದಿಕೊಂಡರೆ ಆ ತಗ್ಗಿನ ಖರ್ಚು ಯಾರದು ಸ್ವಾಮಿ?

ಇನ್ನು ನಿಮ್ಮ ಘನವಾದ ನಿಯಮ. ಹತ್ತು ಕಾರು ಹೊರಟರೆ ಪೂರ್ತಿ ಬಹುಮಾನ, ಒಂದು ಕಡಿಮೆಯಾದರೂ ಅರ್ಧ. ಕಳೆದ ವಾರ ಸಾಲಿನಲ್ಲಿ ಒಂಬತ್ತೇ ಇದ್ದವು. ನನ್ನದು ಕ್ಲಚ್ ಸುಟ್ಟು ಪಕ್ಕದಲ್ಲಿ ನಿಂತಿತ್ತು. ತಾವೇ ಏದುಸಿರು ಬಿಡುತ್ತ ಓಡಿಬಂದಿರಿ.

"ಓಡಿಸೋದೇನೂ ಬೇಡಪ್ಪ, ಹೊರಡೋ ಗೆರೆ ದಾಟ್ಸಿ ಪಕ್ಕಕ್ಕೆ ನಿಲ್ಸು, ಸಾಕು."

ನಾಲ್ವರು ತಳ್ಳಿದರು. ಗೆರೆ ದಾಟಿದೆ, ಹುಲ್ಲಿನ ಮೇಲೆ ನಿಲ್ಲಿಸಿದೆ. ಹೆಲ್ಮೆಟ್ ಕೂಡ ತೆಗೆಯದೆ ಅಲ್ಲೇ ಕೂತು, ಷಡ್ಡಕ ಪೂರ್ತಿ ಬಹುಮಾನ ಎತ್ತಿಕೊಳ್ಳುವುದನ್ನು ನೋಡಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವುದನ್ನು ಕೇಳಿದ್ದೆ. ನಿಮ್ಮಲ್ಲಿ ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಮೊನ್ನೆ ಷಡ್ಡಕ ಹೊಸ ಕ್ಲಚ್ ಪ್ಲೇಟು ಹಿಡಿದು ನಮ್ಮ ಮನೆಗೇ ಬಂದ.

"ದುಡ್ಡೇನೂ ಬೇಡ, ಹಾಕ್ಕೋ. ನೀನು ಬರ್ದಿದ್ರೆ ಒಂಬತ್ತೇ ಆಗತ್ತೆ, ನಂಗೆ ಅರ್ಧ ಹೋಗ್ಬಿಡತ್ತೆ."

ಒಳಗಿಟ್ಟುಕೊಳ್ಳದೆ ಹೇಳಿಬಿಟ್ಟ, ಪುಣ್ಯಾತ್ಮ. "ಭಾವ ಎಷ್ಟು ಒಳ್ಳೆಯವರು ನೋಡಿ," ಎಂದಳು ನನ್ನ ಹೆಂಡತಿ. ಅವತ್ತು ನನಗೆ ಊಟ ಸೇರಲಿಲ್ಲ. ಸೋಲು ನುಂಗಿ ಅಭ್ಯಾಸವಿದೆ. ಅವನ ಔದಾರ್ಯವನ್ನು ಹೇಗೆ ನುಂಗಲಿ? ಅದೂ ನಾನು ದುಡಿದುಕೊಟ್ಟ ದುಡ್ಡಿನ ಔದಾರ್ಯ!

ಗೆರೆ ದಾಟಿದ ಪ್ರತಿ ಕಾರಿಗೂ ಒಂದು ಪಾಲು ಕೊಡಿ, ಕ್ಲಚ್ ಪ್ಲೇಟಿನ ಬೆಲೆಯಷ್ಟಾದರೂ. ಮೊದಲನೆಯವನ ಪಾಲಿನಿಂದಲೇ ತೆಗೆಯಿರಿ. ನಾನೇ ಗೆಲ್ಲುತ್ತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ, ನಿಜ. ಹಾಗೆಂದು ಬರೆದದ್ದು ಸುಳ್ಳಾಗುವುದಿಲ್ಲ. ನನ್ನ ಕೂಲಿ ನಿಮ್ಮ ಕೈಯಿಂದ ಬರಲಿ, ಷಡ್ಡಕನ ಕೈಯಿಂದ ಬೇಡ. ಶನಿವಾರದೊಳಗೆ ಉತ್ತರ ಬಾರದಿದ್ದರೆ, ಅವನು ತಂದ ಪ್ಲೇಟು ಡಬ್ಬಿಯಲ್ಲೇ ಇರುತ್ತದೆ, ತಳ್ಳಿಸಿಕೊಳ್ಳಲೂ ನಾನು ಬರುವುದಿಲ್ಲ. ಭಾನುವಾರ ಗೆರೆಯ ಮುಂದೆ ನಿಂತು ತಾವೇ ಎಣಿಸಿಕೊಳ್ಳಿ.

ಇಂತಿ,
ಇನ್ನೂ ಹುಲ್ಲಿನ ಮೇಲೇ ನಿಂತಿರುವ
ನಿಮ್ಮ ಹತ್ತನೆಯ ಕಾರಿನವನು