ಬುಧವಾರ ಊಟ, ಗುರುವಾರ ಮದುವೆ

ಇಲೊಯಿಲೊ, ಫಿಲಿಪ್ಪೀನ್ಸ್
ಅಕ್ಟೋಬರ್ ೨೧, ಶನಿವಾರ

ನನ್ನ ಪ್ರೀತಿಯ ಅಮ್ಮಾ,

ನೋಡಿ, ಬರೆದೇಬಿಟ್ಟೆ! ಮೊನ್ನೆಯವರೆಗೆ ನಿಮ್ಮನ್ನು ಆಂಟಿ ಎನ್ನುತ್ತಿದ್ದವಳು ಈಗ ನಿಮ್ಮ ಸೊಸೆ. ಮಂಡಿನೋವು ಹೇಗಿದೆ? ಕೆಲಸದ ಮನೆಯಲ್ಲಿ ಆ ಮುದುಕರನ್ನು ಒಬ್ಬರೇ ಎತ್ತಿ ಕೂರಿಸಬೇಡಿ. ಅಮೆರಿಕದ ಪುಟ್ಟ ಬಾವುಟ ಹಿಡಿದ ನಿಮ್ಮ ಫೋಟೊವನ್ನು ಅಜ್ಜಿ ಮೇರಿಮಾತೆಯ ಪಕ್ಕದಲ್ಲೇ ಇಡಿಸಿದ್ದಾರೆ. ಮಗಳು ಅಮೆರಿಕದವಳಾದರೂ ಮೂಗು ಮಾತ್ರ ತಮ್ಮದೇ ಎಂದು ಬಂದವರಿಗೆಲ್ಲ ತೋರಿಸುತ್ತಾರೆ.

ಬುಧವಾರ ನಡೆದದ್ದನ್ನು ಡಿಂಡೊ ನಿಮಗೆ ಹೇಳಿಲ್ಲ. ನಾನು ಹೇಳಿಬಿಡುತ್ತೇನೆ. ನೀವು ಗ್ರೀನ್ ಕಾರ್ಡಿನ ಮೇಲೆ, ಮದುವೆಯಾಗದ ಮಗನೆಂದು, ಅವನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಹಾಕಿದ ಅರ್ಜಿ, ನೀವು ಅಲ್ಲಿನ ಪ್ರಜೆಯಾಗುವ ಮೊದಲೇ ಅವನು ಮದುವೆಯಾದರೆ ಸತ್ತುಹೋಗುತ್ತದೆ. ನಮ್ಮ ಬೀದಿಯ ಮಕ್ಕಳಿಗೂ ಗೊತ್ತಿರುವ ವಿಷಯ. ಅದಕ್ಕೇ ಅಲ್ಲವೇ ನಾವು ಇಷ್ಟು ವರ್ಷ ಕಾದದ್ದು! ಪ್ರಜೆಯಾಗುವ ನಿಮ್ಮ ಪ್ರಮಾಣವಚನ ಬುಧವಾರ ಎಂದಕೂಡಲೇ ನಾವೂ ಬುಧವಾರವನ್ನೇ ಹಿಡಿದೆವು. ಎರಡೂ ಒಂದೇ ದಿನ, ಎಷ್ಟು ಚೆಂದ ಎಂದುಕೊಂಡೆ. ನೀವಿರುವ ಕ್ಯಾಲಿಫೋರ್ನಿಯಾಕ್ಕಿಂತ ಮೊದಲೇ ನಮ್ಮಲ್ಲಿ ಬುಧವಾರ ಬೆಳಗಾಗುತ್ತದೆ ಎಂಬುದು, ದಿನಾ ನಿಮಗೆ ಫೋನ್ ಮಾಡುವ ಈ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಿಮಗೂ ಹೊಳೆಯಲಿಲ್ಲ ಬಿಡಿ!

ಚರ್ಚಿನ ಬಾಗಿಲಲ್ಲಿ ನಿಂತು ಡಿಂಡೊ ನಿಮ್ಮ ಆಶೀರ್ವಾದಕ್ಕೆಂದು ಫೋನ್ ಮಾಡಿದ. ಪ್ರಮಾಣ ಆಯಿತೇ ಎಂದು ಕೇಳಿದ. “ನಾಳೆ ಬೆಳಿಗ್ಗೆ ಕಣೋ, ಈಗಿನ್ನೂ ಬ್ಲೌಸ್ ಇಸ್ತ್ರಿ ಮಾಡ್ತಿದೀನಿ” ಎಂದಿರಿ. ಅವನು ಏನೋ ನೆಪ ಹೇಳಿ ಫೋನ್ ಇಟ್ಟ. “ಅಲ್ಲಿನ್ನೂ ಮಂಗಳವಾರ” ಎಂದ. ಒಳಗೆ ಪಾದ್ರಿಗಳು, ಜನ, ಹೂವು. ಹೊರಗೆ ಇಡಿಯಾಗಿ ಸುಟ್ಟ ಹಂದಿ. ನಾನು ಬಿಳಿ ಗೌನಿನಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಅಜ್ಜಿ ಕೋಲೂರಿಕೊಂಡು ಬಂದರು. “ಹಂದಿಗೆ ಅಮೆರಿಕದ ಗಂಟೆ ಗೊತ್ತಿಲ್ಲ. ಇವತ್ತು ಉಣ್ಣಿ, ನಾಳೆ ಮದ್ವೆ” ಎಂದರು. ಎಲ್ಲರೂ ಉಂಡರು, ಕುಣಿದರು, ಇನ್ನೂ ಮದುವೆಯಾಗದ ನಮಗೆ ಉಡುಗೊರೆ ಕೊಟ್ಟು ಹೋದರು.

ಮದುವೆಗೆ ಮೊದಲೇ ಗೌನು ತೊಟ್ಟರೆ ಮದುವೆ ಮುರಿಯುತ್ತದೆ ಎನ್ನುತ್ತಾರಲ್ಲ, ಅಜ್ಜಿ ಅದನ್ನು ಮತ್ತೆ ಮುಟ್ಟಗೊಡಲಿಲ್ಲ. ಗುರುವಾರ ನಿಮ್ಮ ಬಾವುಟದ ಫೋಟೊ ಬಂದ ಮೇಲೆ, ತಂಗಿಯ ನೀಲಿ ಫ್ರಾಕಿನಲ್ಲಿ, ಉಳಿದ ನಾಲ್ಕು ಜನರ ಮುಂದೆ ಮದುವೆಯಾದೆ. ಅರ್ಜಿ ಉಳಿಯಿತು. ಊಟಕ್ಕೆ ಹಿಂದಿನ ದಿನದ ಹಂದಿಯನ್ನೇ ಹುಳಿ ಹಾಕಿ ಬೇಯಿಸಿದರು. ಅಷ್ಟು ರುಚಿಯಾದ ಮದುವೆಯೂಟ ನಾನು ಎಲ್ಲೂ ಉಂಡಿಲ್ಲ. ಮದುವೆಯಾದ ಮಗನ ವೀಸಾ ಸರದಿ ಇನ್ನೂ ನಿಧಾನವಂತೆ. ಇರಲಿ.

ಅಜ್ಜಿಯ ಹರಕೆ, ಡಿಂಡೊನ ಮುತ್ತು. ನಿಮ್ಮ ಕೈಯನ್ನು ಹಣೆಗೊತ್ತಿಕೊಳ್ಳುವ,

ನಿಮ್ಮ ಸೊಸೆ (ಸೊಸೆ!)
ರೊವೇನಾ

ಮರೆತಿದ್ದೆ: ಇಲ್ಲಿ ಬಹಳ ದಿನ ಇದ್ದರೆ ಗ್ರೀನ್ ಕಾರ್ಡ್ ಹೋದೀತೆಂದು ನೀವು ಬಂದ ದಿನವೇ ಹೊರಡುವ ಮಾತಾಡುತ್ತಿದ್ದಿರಿ. ನಿಮ್ಮ ಸೂಟ್‌ಕೇಸ್ ಪೂರ್ತಿ ಬಿಚ್ಚಿದ್ದನ್ನು ನಾನು ನೋಡಿಯೇ ಇಲ್ಲ. ಪ್ರಜೆಯಾದವರಿಗೆ ಆ ಭಯವಿಲ್ಲವಂತೆ. ಡಿಂಡೊಗೆ ಕೇಳಲು ಸಂಕೋಚ, ನಾನೇ ಕೇಳುತ್ತೇನೆ. ಬರುವ ಟಿಕೆಟ್ ಮಾತ್ರ ತೆಗೆಯಿರಿ. ಸೂಟ್‌ಕೇಸನ್ನು ಅಟ್ಟಕ್ಕೇರಿಸಲು ಏಣಿ ತಂದಿಟ್ಟಿದ್ದೇನೆ.