ಚಕ್ರದ ಮುಂದಿನ ಮರದ ತುಂಡು

ಅಣ್ಣಾ,

ನಮ್ಮ ಕಂಪನಿಯ ಚರಿತ್ರೆಯ ಪುಸ್ತಕ ತಲುಪಿತು. ಅಪ್ಪ ಕಟ್ಟಿದ ಮೊದಲ ಟ್ರ್ಯಾಕ್ಟರಿನಿಂದ ಇವತ್ತಿನ ಮಣ್ಣು ಅಗೆಯುವ ಯಂತ್ರದವರೆಗೆ ಎಲ್ಲ ಬಂದಿದೆ. ನಾಳೆಯ ಸಮಾರಂಭದಲ್ಲಿ ನಿನ್ನ ಮಗ ಆ ಮೊದಲ ಟ್ರ್ಯಾಕ್ಟರಿನ ಮುಂದೆ ನಿಂತು, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುತ್ತಾನಂತೆ. ಅದಕ್ಕೇ ಈ ಪತ್ರ.

ಚಾಲೂ ಮಾಡುವ ಮೊದಲು ಚಕ್ರಕ್ಕೆ ಮರದ ತುಂಡು ಅಡ್ಡ ಇಡುವುದು ನಮ್ಮ ಕಾರ್ಖಾನೆಯ ‘ಶುಭ ಸಂಪ್ರದಾಯ’ ಎಂದು ಬರೆಸಿದ್ದೀಯ. ನಾಳೆಗೆಂದು ಬಂಗಾರದ ಬಣ್ಣ ಬಳಿದ ಥರ್ಮಾಕೋಲ್ ತುಂಡನ್ನೂ ಮಾಡಿಸಿದ್ದೀಯಂತೆ. ಶುಭವಂತೆ ಶುಭ! ಆ ಟ್ರ್ಯಾಕ್ಟರ್ ಗೇರಿನಲ್ಲಿದ್ದರೂ ಚಾಲೂ ಆಗುತ್ತದೆ, ಆದ ಕೂಡಲೇ ಮುಂದಕ್ಕೆ ನುಗ್ಗುತ್ತದೆ. ಚಿಕ್ಕಪ್ಪ ಜ್ವರ ಬಂದು ಹೋದರು ಎಂದು ಹಾಸ್ಟೆಲಿನಲ್ಲಿದ್ದ ನಿನಗೆ ಹೇಳಿದ್ದರು. ಜ್ವರವಲ್ಲ. ಅವರನ್ನು ಮಣ್ಣು ಮಾಡಿ ಬಂದ ಸಂಜೆಯೇ ಅಪ್ಪ ಮೊದಲ ತುಂಡು ಕೊಯ್ದರು. “ಇದಿಲ್ದೆ ಯಾರೂ ಹ್ಯಾಂಡಲ್ ಮುಟ್ಬೇಡಿ” ಅಂದರು.

ಆ ತುಂಡನ್ನೇ ಈ ಪತ್ರ ತಂದ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ನೀನೇ ನಿಂತು ಇಡಿಸು. ಫೋಟೋದಲ್ಲಿ ಅಂದವಾಗಿ ಕಾಣುವುದಿಲ್ಲ, ಗೊತ್ತು.

ಪುಸ್ತಕದ ಮುಖಪುಟಕ್ಕೆ ಚಿಕ್ಕಪ್ಪ ಹ್ಯಾಂಡಲ್ ಹಿಡಿದು ನಗುತ್ತಿರುವ ಫೋಟೋ ಹಾಕಿಸಿದ್ದೀಯಲ್ಲ, ಅದು ಬಹಳ ಅಂದವಾಗಿದೆ. ಅವರು ಹೋದ ದಿನವೇ ತೆಗೆದದ್ದು. ಚಕ್ರದ ಮುಂದೆ ಏನಿದೆ, ನೋಡು.

ನಿನ್ನ ತಂಗಿ