ತ್ಯಾಪಿ ಮ್ಯಾಲೆ ಕೂಡೂ ವೈನಿಗೆ

ಕಲಬುರಗಿ, ಮಂಗಳವಾರ

ಕಮಲಾಪುರದ ವೈನಿಗೆ ಮೃದುಲಾನ ನಮಸ್ಕಾರ.

ನಿಮ್ಮ ಮಗಳು ಪದ್ಮಜಾ ನಿನ್ನೆ ತನ್ನ ಕಣ್ಣಿನ ಡಾಕ್ಟರ್ ಕಾಲೇಜಿನ ಕತ್ತಲ ಖೋಲಿಯೊಳಗ ಕೂಡಿಸಿ ನನ್ನ ಕಣ್ಣಿನ ಪರೀಕ್ಷಾ ಮಾಡಿದ್ಲು. ಪರದೆ ತುಂಬ ಉದ್ದುದ್ದ ಗೆರಿ. ನಡುವ ಒಂದು ಚೌಕದಾಗ ಮಾತ್ರ ಅಂಥವೇ ಗೆರಿ ಅಡ್ಡ ಇದ್ವು. ಬಣ್ಣ ಒಂದೇ, ಸುತ್ತ ಅಂಚು ಹಾಕಿದ್ದಿಲ್ಲ, ಆದ್ರೂ ಚೌಕ ಥಟ್ಟನ ಎದ್ದು ಕಾಣ್ತು! ಗೆರಿ ಎಲ್ಲಿ ದಿಕ್ಕು ಬದಲಿಸ್ತಾವ, ಅಲ್ಲಿ ಕಣ್ಣು ತಾನೇ ಅಂಚು ಹಿಡೀತದಂತ.

ನನಗ ನಗು ತಡಿಯಾಕ ಆಗಲಿಲ್ರೀ. ನನ್ನ ತವರಿನ ಪಟ್ಟಿಪಟ್ಟಿ ಜಮಖಾನಿ ಮ್ಯಾಲೆ ಇಸ್ತ್ರಿ ಮಾಡಿ ಸುಟ್ಟು, ಅದರ ತುದಿದೇ ತುಂಡು ಕತ್ತರಿಸಿ ತ್ಯಾಪಿ ಹಚ್ಚಿ ಸುಮ್ಮನಾದ್ರಿ. ಬಣ್ಣ ಖರೇನ ಕೂಡೇದ. ಆದ್ರ ಪಟ್ಟಿ ಅಡ್ಡ ಬಂದಾವ! ನಾ ಅವತ್ತೇ ನೋಡೀನಿ. ವರ್ಷಾತು, ಜಮಖಾನಿ ಹಾಸಿದಾಗೆಲ್ಲ ನೀವು ಓಡಿ ಬಂದು ಆ ತ್ಯಾಪಿ ಮ್ಯಾಲೇ ಕೂಡತೀರಿ, ನಾನೂ ಸುಮ್ಮನ ಚಹಾ ಕೊಡತೀನಿ.

ನನ್ನ ಕಣ್ಣು ಛಲೋ ಅವ, ಚಷ್ಮಾ ಬ್ಯಾಡಂತ. ನಿಮ್ಮ ಮೊಣಕಾಲಿಗೆ ಎಣ್ಣಿ ತೊಗೊಂಡೀನಿ, ಗುರುವಾರ ಮನಿಗೆ ಬರ್ತೀನಿ. ಅಲ್ಲೀತನಕ ಈ ಕಾರ್ಡು ಅತ್ತಿಯವರ ಕೈಗೆ ಸಿಗದಂಗ ನೋಡ್ಕೋರಿ. ಇನ್ನ ಸಾಕು ವೈನಿ, ಎದ್ದು ಕುರ್ಚಿ ಮ್ಯಾಲೆ ಕೂಡ್ರಿ.

ಮೃದುಲಾ